ವಿಶ್ವ ಚಾಂಪಿಯನ್‌ಶಿಪ್ಪಿನ ಚೆಂಡು ನಮ್ಮ ಗದ್ದೆಯ ಅಂಕಣದಲ್ಲಿ: ಮಿಕಾಸಾ ವಿ200ಡಬ್ಲ್ಯು, ನಾಲ್ಕು ತಿಂಗಳು ಆಡಿದ ಮೇಲೆ

ನಮ್ಮೂರಿನ ದಿನಸಿ ಅಂಗಡಿಯ ತಕ್ಕಡಿಯ ಮೇಲೆ ಎರಡು ಚೆಂಡುಗಳನ್ನು ಒಂದಾದ ಮೇಲೊಂದು ಇಟ್ಟು ತೂಗಿದೆವು. ಚೆಂಡು ಉರುಳಬಾರದೆಂದು ಅಂಗಡಿಯ ಅಕ್ಕ ಒಳಗಿನಿಂದ ಕೊಡಪಾನದ ಸಿಂಬೆಯೊಂದನ್ನು ತಂದುಕೊಟ್ಟರು. ಅದರ ತೂಕವನ್ನು ಮೊದಲೇ ಕಳೆದುಕೊಂಡೆವು. ಒಂದು ಚೆಂಡು 314 ಗ್ರಾಂ ತೋರಿಸಿತು, ಇನ್ನೊಂದು 270. ಎರಡೂ ನೀಲಿ-ಹಳದಿ. ಎರಡರ ಮೇಲೂ ಮಿಕಾಸಾ ಎಂದು ಬರೆದಿತ್ತು, ಎರಡರ ಮೇಲೂ ವಿ200ಡಬ್ಲ್ಯು ಎಂಬ ಗುರುತಿತ್ತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಾಲಿಬಾಲ್ ಚೆಂಡಿನ ತೂಕ 260ರಿಂದ 280 ಗ್ರಾಂ ಒಳಗಿರಬೇಕು, ಸುತ್ತಳತೆ 65ರಿಂದ 67 ಸೆಂಟಿಮೀಟರ್. ದರ್ಜಿಯ ಟೇಪು ಸುತ್ತಿ ನೋಡಿದರೆ ಮೊದಲನೆಯದು 68 ದಾಟಿತು, ಎರಡನೆಯದು 66ಕ್ಕೆ ಸರಿಯಾಗಿ ನಿಂತಿತು.

ಮೊದಲನೆಯದು ನಕಲಿ. ಅದನ್ನು ಕೊಂಡ ಕಥೆಯನ್ನು ಆಮೇಲೆ ಹೇಳುತ್ತೇನೆ. ಎರಡನೆಯದು ಅಸಲಿ. ಕಳೆದ ನಾಲ್ಕು ತಿಂಗಳಿನಿಂದ ನಾವು ಆಡುತ್ತಿರುವುದು ಅದರಲ್ಲಿ, ಈ ಬರಹ ಅದರ ಕುರಿತು.

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಕಾರವಾರದಲ್ಲಿ ಓದುವಾಗ ಕಾಲೇಜು ತಂಡದ ಲಿಫ್ಟರ್, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವನು, ಆಗಿದ್ದೆ. ನಿವೃತ್ತಿಯಾದ ಮೇಲೆ ಅವರ್ಸಾದ ಹತ್ತಿರದ ನಮ್ಮ ಊರಿನ ಯುವಕ ಮಂಡಳದ ಹುಡುಗರಿಗೆ ಬೆಳಿಗ್ಗೆ ಆರರಿಂದ ಎಂಟರವರೆಗೆ ವಾಲಿಬಾಲ್ ಹೇಳಿಕೊಡುತ್ತಿದ್ದೇನೆ. ಹನ್ನೊಂದು ಹುಡುಗರಿದ್ದಾರೆ. ಇಬ್ಬರು ದೋಣಿಗೆ ಹೋಗುವವರು, ಒಬ್ಬ ಗುತ್ತಿಗೆ ಕೆಲಸಕ್ಕೆಂದು ದಿನವೂ ಕೈಗಾಕ್ಕೆ ಹೋಗಿ ಬರುತ್ತಾನೆ, ಮೂವರು ಗೋವಾದಲ್ಲಿ ಕೆಲಸ ಹಿಡಿದು ವಾರಕ್ಕೊಮ್ಮೆ ಬರುತ್ತಾರೆ, ಉಳಿದವರು ಕಾಲೇಜಿನವರು. ಅಂಕಣ ಗದ್ದೆಯಲ್ಲಿ. ಕೊಯ್ಲು ಮುಗಿದ ಮೇಲೆ ಕೂಳೆ ಕಿತ್ತು, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಿ, ಸುಣ್ಣದ ಗೆರೆ ಎಳೆದು ಮಾಡಿಕೊಂಡದ್ದು. ಕಂಬಗಳು ಅಡಿಕೆ ಮರದವು. ಬಲೆಯನ್ನು ದೋಣಿಗೆ ಹೋಗುವ ಹುಡುಗರೇ ಹೆಣೆದಿದ್ದಾರೆ, ಅಂಗಡಿಯಲ್ಲಿ ಸಿಗುವ ಯಾವ ನೆಟ್ಟಿಗಿಂತಲೂ ಅದು ಗಟ್ಟಿ. ಎತ್ತರ ಮಾತ್ರ 2.43 ಮೀಟರ್, ಒಂದು ಸೆಂಟಿಮೀಟರ್ ಆಚೀಚೆ ಆಗಲು ನಾನು ಬಿಡುವುದಿಲ್ಲ.

ಈ ಚೆಂಡು ಬೇಕೆನಿಸಿದ್ದು 2025ರ ಸೆಪ್ಟೆಂಬರ್ 28ರಂದು. ನವರಾತ್ರಿಯ ಭಾನುವಾರ. ಯುವಕ ಮಂಡಳದ ಕೋಣೆಯಲ್ಲಿ ಹುಡುಗರು ಮೊಬೈಲನ್ನು ಟಿವಿಗೆ ಜೋಡಿಸಿ ಪುರುಷರ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್ ಹಾಕಿದರು. ಫಿಲಿಪ್ಪೀನ್ಸ್‌ನಲ್ಲಿ ನಡೆದ ಪಂದ್ಯಾವಳಿ, 32 ದೇಶಗಳ ತಂಡಗಳು. ಆ ಹದಿನೇಳು ದಿನಗಳಲ್ಲಿ ನಡೆದ ಏರುಪೇರುಗಳನ್ನು ನಾನು ಹಿಂದೆ ಕಂಡದ್ದಿಲ್ಲ. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನ ಚಿನ್ನ ಗೆದ್ದ ಫ್ರಾನ್ಸ್ ಗುಂಪು ಹಂತದಲ್ಲೇ ಹೊರಬಿತ್ತು. ಬ್ರೆಜಿಲ್ ಕೂಡ ಹೊರಬಿತ್ತು. ನಮ್ಮ ಹುಡುಗರ ಪ್ರೀತಿಯ ಜಪಾನ್ ತಂಡವೂ ಮನೆಗೆ ಹೋಯಿತು. ಕೊನೆಗೆ ಉಳಿದದ್ದು ಇಟಲಿ ಮತ್ತು ಬಲ್ಗೇರಿಯಾ. ಬಲ್ಗೇರಿಯಾ ಅದಕ್ಕೆ ಮೊದಲು ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಆಡಿದ್ದು 1970ರಲ್ಲಿ.

ಬಲ್ಗೇರಿಯಾದ ಲಿಫ್ಟರ್ ಸಿಮೆಯೊನ್ ನಿಕೊಲೊವ್ ಎಂಬ ಹುಡುಗನಿಗೆ ಆಗ ಹದಿನೆಂಟು ವರ್ಷ. ಎತ್ತರ ಎರಡು ಮೀಟರಿಗೂ ಹೆಚ್ಚು. ಅದೇ ತಂಡದಲ್ಲಿ ಅವನ ಅಣ್ಣ ಅಲೆಕ್ಸಾಂಡರ್ ಸ್ಮ್ಯಾಶ್ ಹೊಡೆಯುತ್ತಿದ್ದ. ಅವರ ತಂದೆ ವ್ಲಾದಿಮಿರ್ ಕೂಡ ಅದೇ ದೇಶಕ್ಕೆ ಆಡಿದವರು. ಇಟಲಿಯ ಕಡೆ ಲಿಫ್ಟರ್ ಹಾಗೂ ನಾಯಕ ಸಿಮೊನೆ ಜನ್ನೆಲ್ಲಿ. ಅವರ ತರಬೇತುದಾರ ಫೆರ್ಡಿನಾಂಡೊ ಡಿ ಜೋರ್ಜಿ ಕೂಡ ಒಂದು ಕಾಲದ ಲಿಫ್ಟರ್. ಇಟಲಿ ಗೆದ್ದ ಐದು ವಿಶ್ವ ಪ್ರಶಸ್ತಿಗಳಲ್ಲಿ 1990, 1994, 1998ರ ತಂಡಗಳಲ್ಲಿ ಅವರು ಆಟಗಾರ, 2022 ಮತ್ತು 2025ರಲ್ಲಿ ತರಬೇತುದಾರ. ಐದರಲ್ಲೂ ಅದೇ ಒಬ್ಬ ಮನುಷ್ಯ. ಲಿಫ್ಟರ್ ಆಗಿದ್ದವನಿಗೆ ಇದನ್ನು ನೆನೆದಾಗ ಎದೆ ತುಂಬಿ ಬರುತ್ತದೆ. ಆಟವನ್ನು ಕಟ್ಟುವವನು ಸ್ಮ್ಯಾಶ್ ಹೊಡೆಯುವವನಲ್ಲ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ.

ಇಟಲಿ 25-21, 25-17ರಲ್ಲಿ ಮೊದಲ ಎರಡು ಸೆಟ್ ಗೆದ್ದಿತು. ಮೂರನೆಯದನ್ನು ಬಲ್ಗೇರಿಯಾ 25-17ರಲ್ಲಿ ಕಿತ್ತುಕೊಂಡಿತು. ಕೋಣೆಯ ಹುಡುಗರೆಲ್ಲ ಬಲ್ಗೇರಿಯಾದ ಕಡೆ ತಿರುಗಿದರು. ನಾಲ್ಕನೆಯ ಸೆಟ್ ಇಟಲಿಗೆ, 25-10. ಅಷ್ಟು ದೊಡ್ಡ ಪಂದ್ಯದಲ್ಲಿ ಹತ್ತೇ ಅಂಕ. ಹುಡುಗರು ಸ್ಮ್ಯಾಶ್‌ಗಳನ್ನು ನೋಡಿ ಕೂಗುತ್ತಿದ್ದರು, ನಾನು ನೋಡುತ್ತಿದ್ದದ್ದು ಸರ್ವಿಸ್ ಎತ್ತುವ ಕೈಗಳನ್ನು. ಆಗ ನಮ್ಮ ತಂಡದ ಲಿಬೆರೊ ಹುಡುಗ, ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿಯ ಸರ್ವಿಸ್ ಎತ್ತುವವನು, ನನ್ನ ಕಡೆ ತಿರುಗಿ ಕೇಳಿದ: "ಮಾಸ್ತರರೇ, ನಮ್ಮ ಕೈಯಿಂದ ಬಾಲ್ ಸಿಡಿದು ಹೋಗುತ್ತದೆ. ಅವರ ಕೈಯಲ್ಲಿ ಕ್ಷಣ ಹೊತ್ತು ಕೂತು ಹೋಗುತ್ತದೆಯಲ್ಲ, ಅದು ಹೇಗೆ?"

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಅರ್ಧ ಉತ್ತರ ಅವರ ಕೈಯಲ್ಲಿದೆ, ಅದಕ್ಕೆ ವರ್ಷಗಳು ಬೇಕು. ಇನ್ನರ್ಧ ಚೆಂಡಿನಲ್ಲಿರಬಹುದೆಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಪುರುಷರ ವಿಶ್ವ ಕ್ಲಬ್ ಚಾಂಪಿಯನ್‌ಶಿಪ್ ನಡೆದಾಗ ಕಾರವಾರದಿಂದ ಪಂಚಗಂಗಾ ರೈಲು ಹಿಡಿದು ಹೋಗಿದ್ದೆ. ಪೆರೂಜಿಯಾ ತಂಡ ಕಪ್ ಗೆದ್ದಿತು, ಅದರ ಲಿಫ್ಟರ್ ಇದೇ ಜನ್ನೆಲ್ಲಿ. ಅಭ್ಯಾಸದ ಹೊತ್ತಿನಲ್ಲಿ ಚೆಂಡು ಅವರ ಕೈಯಿಂದ ಹೊರಡುವಾಗ ಸದ್ದೇ ಕೇಳಲಿಲ್ಲ. ನಮ್ಮ ಗದ್ದೆಯಲ್ಲಿ ಲಿಫ್ಟ್ ಮಾಡಿದರೆ ಆಚೆ ಮನೆಯ ಜಗಲಿಗೆ ಕೇಳಿಸುತ್ತದೆ.

ಹೀಗಾಗಿ ಆ ಚೆಂಡನ್ನೇ ತರಿಸಬೇಕೆಂದು ನಿಶ್ಚಯಿಸಿದೆ. ಮಿಕಾಸಾ ಜಪಾನಿನ ಹಿರೋಶಿಮಾದ ಕಂಪನಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಿಂದ ಬಳಕೆಗೆ ಬಂದ ಅವರ ಹಿಂದಿನ ಚೆಂಡಿಗೆ ಎಂಟು ಪಟ್ಟಿಗಳಿದ್ದವು. 2019ರಲ್ಲಿ ಬಂದ ಈಗಿನ ವಿ200ಡಬ್ಲ್ಯುಗೆ ಹದಿನೆಂಟು. ನೇಷನ್ಸ್ ಲೀಗ್, ವಿಶ್ವ ಚಾಂಪಿಯನ್‌ಶಿಪ್, ಒಲಿಂಪಿಕ್ಸ್ ಎಲ್ಲಕ್ಕೂ ಇದೇ ಚೆಂಡು.

ಮೊದಲ ಸಲ ಕಡಿಮೆ ಬೆಲೆ ಕಂಡು ಆನ್‌ಲೈನ್‌ನಲ್ಲಿ ತರಿಸಿದೆ. ಬಂದದ್ದು ಆ 314 ಗ್ರಾಮಿನ ಚೆಂಡು. ಪಟ್ಟಿಗಳು ಸೇರುವ ಕಡೆ ಅಂಟು ಹೊರಗೆ ಒಸರಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನೀಲಿ ಬಣ್ಣ ಬಟ್ಟೆಗೆ ಹತ್ತಿತು. ಗಾಳಿ ತುಂಬಿ ನೆಲದ ಮೇಲೆ ತಿರುಗಿಸಿಬಿಟ್ಟರೆ ತೂಗಾಡುತ್ತಾ ಒಂದೇ ಬದಿಗೆ ಬೀಳುತ್ತಿತ್ತು. ಮಾರಿದವರಿಗೆ ತಕ್ಕಡಿಯ ಚಿತ್ರ ಕಳಿಸಿ, ನಾಲ್ಕು ಸಲ ಬರೆದು, ಮೂರು ವಾರ ಕಾದ ಮೇಲೆ ಹಣ ಮರಳಿ ಬಂತು. ಹಣ ಬಂದರೂ ನನ್ನ ಸಿಟ್ಟು ಇಳಿದಿಲ್ಲ. ಹಳ್ಳಿಯ ಹುಡುಗರು ತಲೆಗೆ ಇಷ್ಟಿಷ್ಟೆಂದು ಹಾಕಿ ಕೂಡಿಸಿದ ದುಡ್ಡದು. ಅಸಲಿ ಚೆಂಡನ್ನು ಎಂದೂ ಮುಟ್ಟದವರಿಗೆ ನಕಲಿಯನ್ನೇ ಅಸಲಿ ಎಂದು ನಂಬಿಸುವುದು ಬಹಳ ಸುಲಭ. ನಮಗೆ ಅನುಮಾನ ಬಂದದ್ದು ತೂಗಿ ನೋಡಿದ್ದರಿಂದ. ಕೊಳ್ಳುವವರು ದಯವಿಟ್ಟು ತೂಗಿ, ಅಳೆದು, ಒರೆಸಿ ನೋಡಿ.

ದೀಪಾವಳಿ ಮುಗಿದ ಮೇಲೆ ಇಬ್ಬರು ಹುಡುಗರನ್ನು ಕರೆದುಕೊಂಡು ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಹಳೆಯ ಕ್ರೀಡಾ ಸಾಮಗ್ರಿ ಅಂಗಡಿಯೊಂದರಲ್ಲಿ ಪೆಟ್ಟಿಗೆ ಬಿಚ್ಚಿ, ಕೈಯಲ್ಲಿ ಹಿಡಿದು, ಬಿಲ್ಲು ಮಾಡಿಸಿಕೊಂಡು ತಂದೆವು. ಏಳು ಸಾವಿರಕ್ಕೆ ಸ್ವಲ್ಪ ಕಡಿಮೆ ಬಿತ್ತು. ಘಟ್ಟ ಇಳಿಯುವಾಗ ಬಸ್ಸಿನಲ್ಲಿ ನಮ್ಮ ಲಿಬೆರೊ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಈಗ ಚೆಂಡಿನ ವಿಷಯ. ಮುಟ್ಟಿದ ಕೂಡಲೇ ತಿಳಿಯುವುದು ಅದರ ಮೈ. ಹೊಲಿಗೆ ಇಲ್ಲ. ಹದಿನೆಂಟು ಪಟ್ಟಿಗಳನ್ನು ಅಂಟಿಸಿ ಕೂಡಿಸಿದ್ದಾರೆ, ಸಂದುಗಳು ಕಣ್ಣು ಮುಚ್ಚಿ ಸವರಿದರೆ ಮಾತ್ರ ಸಿಗುವಷ್ಟು ನುಣುಪು. ಮೈ ತುಂಬ ಸಣ್ಣ ಸಣ್ಣ ಕುಳಿಗಳು, ಅವುಗಳ ಮೇಲೆ ಬೆವರಿಗೆ ಜಾರದಂತೆ ಲೇಪ. ನಮ್ಮ ಕರಾವಳಿಯಲ್ಲಿ ಇದು ಸಣ್ಣ ಗುಣವಲ್ಲ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಏಳಕ್ಕೇ ಹುಡುಗರ ಮುಂಗೈಯಿಂದ ಬೆವರು ತೊಟ್ಟಿಕ್ಕುತ್ತದೆ. ನಾವು ತಂದದ್ದು ಚಳಿಗಾಲಕ್ಕೆ, ಬೇಸಿಗೆಯ ಪರೀಕ್ಷೆ ಇನ್ನೂ ಬಾಕಿ ಇದೆ. ಆದರೆ ನಮ್ಮ ಚಳಿಗಾಲದಲ್ಲೂ ಒಂದು ಗಂಟೆ ಆಡಿದರೆ ಅಂಗಿ ಹಿಂಡುವಂತಾಗುತ್ತದೆ, ಆಗಲೂ ಲಿಫ್ಟರ್‌ನ ಬೆರಳುಗಳಿಂದ ಚೆಂಡು ಜಾರಿದ್ದು ಕಾಣಲಿಲ್ಲ. ನಾನು ಆಡುತ್ತಿದ್ದ ಕಾಲದ ಹೊಲಿದ ಚರ್ಮದ ಚೆಂಡು ಇಬ್ಬನಿ ಕುಡಿದು ಬೆಳಗಾಗುವಷ್ಟರಲ್ಲಿ ಹಲಸಿನ ಕಾಯಿಯಂತೆ ಭಾರವಾಗಿರುತ್ತಿತ್ತು. ಆಗ ಸರ್ವಿಸ್ ಇದ್ದ ತಂಡಕ್ಕೆ ಮಾತ್ರ ಅಂಕ, ಸೆಟ್ಟು ಹದಿನೈದಕ್ಕೆ. ಒಂದೊಂದು ಪಂದ್ಯ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಎಳೆಯುತ್ತಿತ್ತು.

ಗಾಳಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಅನುಭವದಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ವಾಲಿಬಾಲ್ ಕೆಡುತ್ತಿರುವುದು ಇಲ್ಲಿ. ನಿಯಮದಲ್ಲಿ ಚೆಂಡಿನ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ. ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಲೆಕ್ಕದಲ್ಲಿ ಸುಮಾರು 4.3ರಿಂದ 4.6. ಇದು ಬಹಳ ಕಡಿಮೆ ಒತ್ತಡ. ಹೆಬ್ಬೆರಳಿನಿಂದ ಒತ್ತಿದರೆ ಚೆಂಡು ತುಸು ತಗ್ಗಬೇಕು. ನಾವು ಸೈಕಲ್ ಪಂಪಿಗೆ ಸೂಜಿ ಹಾಕಿ ಕಲ್ಲಿನಂತಾಗುವವರೆಗೆ ಒತ್ತುತ್ತೇವೆ. ಸದ್ದು ಚೆನ್ನಾಗಿ ಬರಬೇಕು, ನೆಲಕ್ಕೆ ಬಿದ್ದರೆ ಪುಟಿದು ತೆಂಗಿನ ಗರಿ ಮುಟ್ಟಬೇಕು ಎಂಬ ಆಸೆ. ವಾಹನದ ಟಯರಿನ ಒತ್ತಡ ನೋಡುವ ಮೀಟರುಗಳಲ್ಲಿ ಇಷ್ಟು ಸಣ್ಣ ಅಳತೆ ಸರಿಯಾಗಿ ಸಿಗುವುದಿಲ್ಲ. ಚೆಂಡಿಗೆಂದೇ ಬರುವ ಸೂಜಿ ಮೀಟರ್ ಬೇಕು, ಅದನ್ನೂ ಹುಬ್ಬಳ್ಳಿಯಲ್ಲೇ ಕೊಂಡೆ. ಮನೆಗೆ ಬಂದು ಮೊದಲು ಅಳೆದದ್ದು ನಮ್ಮ ಹಳೆಯ ಅಭ್ಯಾಸದ ಚೆಂಡನ್ನು: ಏಳೂವರೆ. ಹತ್ತಿರ ಹತ್ತಿರ ಎರಡರಷ್ಟು! ವರ್ಷಗಟ್ಟಲೆ ಈ ಹುಡುಗರ ಮುಂಗೈ ಕೆಂಪಾಗಿದ್ದಕ್ಕೆ, ಬಾಲ್ ಸಿಡಿದು ಬೇಲಿ ದಾಟುತ್ತಿದ್ದದ್ದಕ್ಕೆ ಅವರನ್ನೇ ಗದರಿಸಿದ್ದೇನೆ. ಆ ದಿನ ಅವರನ್ನೆಲ್ಲ ಕೂರಿಸಿಕೊಂಡು, ತಪ್ಪು ನಿಮ್ಮ ಕೈಯದಾಗಿರಲಿಲ್ಲ ಎಂದು ಹೇಳಿದೆ. ಹೇಳಲೇಬೇಕಾಗಿತ್ತು.

ಹೊಸ ಚೆಂಡಿಗೆ 4.4 ತುಂಬುತ್ತೇವೆ. ಸೂಜಿಯನ್ನು ಒದ್ದೆ ಮಾಡಿ, ನೇರವಾಗಿ, ನಿಧಾನವಾಗಿ ಹಾಕಬೇಕು. ಒಣ ಸೂಜಿ ಒಳಗಿನ ರಬ್ಬರನ್ನು ಹರಿಯುತ್ತದೆ. ಬಿಸಿಲಿನಲ್ಲಿ ಬಿಟ್ಟ ಚೆಂಡಿನ ಒತ್ತಡ ಏರುತ್ತದೆ. ಆಟದ ನಡುವೆ ಚೆಂಡನ್ನು ಗೇರು ಮರದ ನೆರಳಿಗೆ ಇಡುವ ರೂಢಿ ಮಾಡಿಕೊಂಡಿದ್ದೇವೆ. ವಾರಕ್ಕೊಮ್ಮೆ ಅಳೆದರೆ ಸಾಕಾಗುತ್ತದೆ. ಇಷ್ಟು ದಿನಗಳಲ್ಲಿ ಗಾಳಿ ಇಳಿದದ್ದು ಬಹಳ ಕಡಿಮೆ.

ಮೊದಲ ಬೆಳಿಗ್ಗೆ ಸ್ಮ್ಯಾಶ್ ಹೊಡೆಯುವವರಿಗೆ ಚೆಂಡು ಕೊಡಲೇ ಇಲ್ಲ. ಲಿಬೆರೊ ಮತ್ತು ಇಬ್ಬರು ಹಿಂದಿನ ಸಾಲಿನವರನ್ನು ನಿಲ್ಲಿಸಿ, ನೆಟ್ಟಿನ ಹತ್ತಿರ ಲಿಫ್ಟರ್ ನಿಲ್ಲುವ ಜಾಗದಲ್ಲಿ ಬಿಡಿಸಿದ ಕೊಡೆಯಷ್ಟು ಅಗಲದ ಸುಣ್ಣದ ವೃತ್ತ ಎಳೆದೆ. ಎದುರಿನಿಂದ ಸರ್ವಿಸ್. ಎತ್ತಿದ ಚೆಂಡು ವೃತ್ತದೊಳಗೆ ಬೀಳಬೇಕು. ಹತ್ತು ಸರ್ವಿಸ್‌ಗೆ ಮೂರು ಬಿದ್ದವು. ಹಳೆಯ ಚೆಂಡಿನಲ್ಲಿ ಒಂದೋ ಎರಡೋ ಬೀಳುತ್ತಿದ್ದವು. ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸವಲ್ಲ. ಆದರೆ ತಪ್ಪಿದ ಏಳು ಎಲ್ಲಿ ಬಿದ್ದವು ಎಂಬುದರಲ್ಲಿ ವ್ಯತ್ಯಾಸವಿತ್ತು. ಮೊದಲು ತಪ್ಪಿದ ಚೆಂಡು ಬೇಲಿಯಾಚೆ ಹೋಗಿ ಆಟ ಮುಗಿಯುತ್ತಿತ್ತು. ಈಗ ವೃತ್ತದಿಂದ ಒಂದೆರಡು ಮಾರು ದೂರದಲ್ಲಿ, ಗಾಳಿಯಲ್ಲಿ, ಲಿಫ್ಟರ್ ಓಡಿ ಹಿಡಿಯಬಹುದಾದಷ್ಟು ಎತ್ತರದಲ್ಲಿತ್ತು. ಮುಂಗೈಗೆ ಬಡಿದ ಚೆಂಡು ತುಸು ಚಪ್ಪಟೆಯಾಗಿ, ಕ್ಷಣ ಕೂತು, ಕೈ ತೋರಿಸಿದ ಕಡೆ ಹೊರಡುತ್ತದೆ. ಕೈ ತಪ್ಪು ತೋರಿಸಿದರೆ ತಪ್ಪು ಕಡೆಯೇ ಹೋಗುತ್ತದೆ, ನೆಪ ಹೇಳಲು ಜಾಗವಿಲ್ಲ. ಲಿಬೆರೊ ಮೊದಲ ಐದು ಎತ್ತಿದ ಮೇಲೆ ತನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಕೆಂಪಾಗಿರಲಿಲ್ಲ. ಒಂದು ತಿಂಗಳು ಬಿಟ್ಟು ಅದೇ ವೃತ್ತಕ್ಕೆ ಹತ್ತರಲ್ಲಿ ಆರು ಹಾಕುತ್ತಿದ್ದ.

ಅಂತರರಾಷ್ಟ್ರೀಯ ಪುರುಷರ ಪಂದ್ಯಗಳಲ್ಲಿ ಜಿಗಿದು ಹೊಡೆಯುವ ಸರ್ವಿಸ್ ಗಂಟೆಗೆ 120 ಕಿಲೋಮೀಟರ್ ದಾಟುತ್ತದೆ. ಹದಿನೆಂಟು ಮೀಟರ್ ಉದ್ದದ ಅಂಕಣವನ್ನು ಅದು ಸುಮಾರು ಅರ್ಧ ಸೆಕೆಂಡಿನಲ್ಲಿ ಹಾದುಬರುತ್ತದೆ. ಅಂಥದ್ದನ್ನು ಎತ್ತಿ ಲಿಫ್ಟರ್‌ನ ತಲೆಯ ಮೇಲೆ ಇಡುವುದು ಆ ಆಟದ ಅತಿ ಕಷ್ಟದ ಕೆಲಸ. ಮೊದಲ ಪಾಸ್ ಕೆಟ್ಟರೆ ಲಿಫ್ಟರ್‌ಗೆ ಇರುವುದು ಒಂದೇ ದಾರಿ, ಆ ದಾರಿ ನೆಟ್ಟಿನಾಚೆ ಜಿಗಿದು ಸ್ಮ್ಯಾಶ್ ತಡೆಯುವ ಎದುರಿನ ಬ್ಲಾಕ್‌ಗೂ ಗೊತ್ತಿರುತ್ತದೆ. ಟಿವಿಯಲ್ಲಿ ಎಷ್ಟೇ ನೋಡಿದರೂ ನಮ್ಮ ಹುಡುಗರಿಗೆ ಇದು ತಿಳಿದಿರಲಿಲ್ಲ, ಈ ಚೆಂಡನ್ನು ಮುಟ್ಟಿದ ಮೇಲೆ ತಿಳಿಯಿತು. ನನ್ನ ದೃಷ್ಟಿಯಲ್ಲಿ ಕೊಟ್ಟ ಹಣಕ್ಕೆ ಸಿಕ್ಕಿದ್ದು ಇದೇ.

ತೇಲುವ ಸರ್ವಿಸ್‌ನಲ್ಲಿ ಮಾತ್ರ ಚೆಂಡು ದಯೆ ತೋರಿಸುವುದಿಲ್ಲ. ತಿರುಗದಂತೆ ಹೊಡೆದ ಚೆಂಡಿನ ಮೈಯಿಂದ ಗಾಳಿ ಎಲ್ಲ ಕಡೆಯೂ ಒಂದೇ ಸಮನೆ ಬಿಟ್ಟುಹೋಗುವುದಿಲ್ಲ. ಎಲ್ಲಿ ಬೇಗ ಬಿಡುತ್ತದೆ, ಎಲ್ಲಿ ತಡವಾಗಿ ಬಿಡುತ್ತದೆ ಎಂಬುದು ಬದಲಾದಂತೆ ಚೆಂಡು ಎಡಕ್ಕೆ, ಬಲಕ್ಕೆ, ಒಮ್ಮೆಲೇ ಕೆಳಕ್ಕೆ ಸರಿಯುತ್ತದೆ. ನಮ್ಮಲ್ಲಿ ಇದರ ಜೊತೆಗೆ ಕಡಲ ಗಾಳಿ ಸೇರುತ್ತದೆ. ಹತ್ತೂವರೆ ಹನ್ನೊಂದಕ್ಕೆ ಪಡುವಣ ಗಾಳಿ ಎದ್ದರೆ ಈ ಚೆಂಡಿನಲ್ಲಿ ಆಟವೇ ಸಾಗದು. ಕಡಲಿಗೆ ಎದುರು ಮುಖ ಮಾಡಿ ಹೊಡೆದ ಸರ್ವಿಸ್ ನೆಟ್ಟು ದಾಟದೆ ಬಿದ್ದದ್ದನ್ನು ಕಂಡಿದ್ದೇನೆ. ಇದು ನಾಲ್ಕು ಗೋಡೆಯ ಒಳಗೆ ಆಡಲೆಂದು ಮಾಡಿದ ಚೆಂಡು, ಅದನ್ನು ಬಯಲಿಗೆ ತಂದವರು ನಾವು. ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ಹೊತ್ತು ಮುಳುಗಿ ಗಾಳಿ ನಿಂತ ಮೇಲೆ ಆಡಬೇಕು. ಶಿರಸಿ, ಸಿದ್ದಾಪುರದ ಕಡೆಯವರಿಗೆ ಕಡಲ ಗಾಳಿಯ ಕಾಟವಿಲ್ಲ. ಆದರೆ ಅಲ್ಲಿ ಬೆಳಗಿನ ಇಬ್ಬನಿ ನಮ್ಮಲ್ಲಿಗಿಂತ ಹೆಚ್ಚು, ಹುಲ್ಲು ಒಣಗುವವರೆಗೆ ಕಾಯಿರಿ.

ಸ್ಮ್ಯಾಶ್ ಹೊಡೆಯುವವರ ಅಭಿಪ್ರಾಯವನ್ನೂ ಬರೆಯದಿದ್ದರೆ ನ್ಯಾಯವಾಗದು. ನಮ್ಮ ಇಬ್ಬರು ಹೊಡೆತಗಾರರಿಗೆ ಮೊದಲ ಎರಡು ವಾರ ಈ ಚೆಂಡು ಹಿಡಿಸಲಿಲ್ಲ. ಸದ್ದು ಬರುವುದಿಲ್ಲ ಎಂದರು. ಕೈ ಸರಿಯಾಗಿ ಮೇಲಿಂದ ಸುತ್ತಿ ಬರದಿದ್ದರೆ ಚೆಂಡು ಗೆರೆ ದಾಟುತ್ತಿತ್ತು. ಕಲ್ಲಿನಂಥ ಚೆಂಡಿಗೆ ಬರಿಯ ಬಲ ಸಾಕು, ಇದಕ್ಕೆ ಮಣಿಕಟ್ಟು ಬೇಕು. ದೋಣಿಗೆ ಹೋಗುವ ಹುಡುಗನಿಗೆ ತೋಳಿನ ಬಲ ಬೇಕಾದಷ್ಟಿದೆ. ಅವನನ್ನು ಗೋಡೆಯ ಮುಂದೆ ನಿಲ್ಲಿಸಿ ದಿನಕ್ಕೆ ನೂರು ಸಲ ನೆಲಕ್ಕೆ ಹೊಡೆಸಿದೆ. ಈಗ ಅವನು ಬ್ಲಾಕ್ ಕಂಡು ಗೆರೆಗುಂಟ ತಿರುಗಿಸುತ್ತಾನೆ. ಮೊದಲು ಬ್ಲಾಕ್ ಮುರಿಯಲು ನೋಡುತ್ತಿದ್ದ.

ಜನವರಿಯಲ್ಲಿ ಪಕ್ಕದ ಊರಿನ ಹೊನಲು ಬೆಳಕಿನ ಪಂದ್ಯಾವಳಿಗೆ ಹೋದೆವು. ಅಲ್ಲಿ ಸಂಘಟಕರು ಕೊಟ್ಟ ಚೆಂಡು ಎಂದಿನಂತೆ ಕಲ್ಲು. ನನ್ನ ಮೀಟರ್ ಜೇಬಿನಲ್ಲೇ ಇತ್ತು. ಗಾಳಿ ಸ್ವಲ್ಪ ಇಳಿಸೋಣ ಎಂದು ವಿನಂತಿಸಿದೆ, ಒಪ್ಪಲಿಲ್ಲ. ನಾಲ್ಕರ ಘಟ್ಟದಲ್ಲಿ ಸೋತೆವು. ಮೂರನೆಯ ಸೆಟ್ಟಿನಲ್ಲಿ 13-15. ಸೋಲಿಗೆ ಚೆಂಡನ್ನು ದೂರುವುದಿಲ್ಲ, ಎದುರಾಳಿಗಳ ಬ್ಲಾಕ್ ಚೆನ್ನಾಗಿತ್ತು. ಆದರೆ ಒಂದು ಮಾತನ್ನು ದಾಖಲಿಸಬೇಕು: ಮೃದು ಚೆಂಡಿನಲ್ಲಿ ಕಲಿತ ಹುಡುಗರು ಗಟ್ಟಿ ಚೆಂಡನ್ನೂ ಮೊದಲಿಗಿಂತ ಚೆನ್ನಾಗಿ ಎತ್ತಿದರು. ಕೈ ಎಲ್ಲಿಡಬೇಕು, ಮೊಣಕಾಲು ಎಷ್ಟು ಬಗ್ಗಬೇಕು ಎಂಬುದನ್ನು ನೋವಿನ ಹೆದರಿಕೆ ಇಲ್ಲದೆ ಕಲಿತದ್ದರಿಂದ ಹಾಗಾಯಿತು ಎಂದು ನಾನು ನಂಬಿದ್ದೇನೆ. ಪಂದ್ಯಾವಳಿ ನಡೆಸುವ ಎಲ್ಲ ಯುವಕ ಮಂಡಳಗಳಿಗೂ ಕೈ ಮುಗಿದು ಕೇಳುತ್ತೇನೆ, ದೀಪಕ್ಕೆ, ಧ್ವನಿವರ್ಧಕಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಸೂಜಿ ಮೀಟರ್ ಕೊಳ್ಳಿರಿ. ಯಾವ ಚೆಂಡಾದರೂ ಸರಿ, 4.3ರಿಂದ 4.6 ಇರಲಿ.

ಬಾಳಿಕೆಯ ಬಗ್ಗೆ: ನಾಲ್ಕು ತಿಂಗಳಲ್ಲಿ ಹಳದಿ ಪಟ್ಟಿಗಳು ಮಾಸಿವೆ, ಕೆಮ್ಮಣ್ಣು ಕುಳಿಗಳೊಳಗೆ ಕೂತಿದೆ. ಒಣ ಬಟ್ಟೆಯಿಂದ ಒರೆಸುತ್ತೇವೆ, ಸೋಪು ಹಾಕುವುದಿಲ್ಲ. ಆಕಾರ ಕೆಟ್ಟಿಲ್ಲ, ತೂಕ ಮೊನ್ನೆ ಮತ್ತೆ ನೋಡಿದಾಗಲೂ 270. ಸವೆತಕ್ಕೆ ಕಾರಣ ನಮ್ಮ ನೆಲ. ಗದ್ದೆಯ ಅಂಚಿನ ಚಿರೇಕಲ್ಲಿನ ಕಟ್ಟೆಗೆ ತಗಲಿದ ಒಂದು ಗೀರು ಇದೆ. ಅದಾದ ಮೇಲೆ ಕಟ್ಟೆಯುದ್ದಕ್ಕೂ ಹಳೆಯ ಮೀನುಬಲೆ ಕಟ್ಟಿದ್ದೇವೆ. ಮಳೆಯಲ್ಲಿ, ಒದ್ದೆ ನೆಲದಲ್ಲಿ ಇದನ್ನು ಹೊರತೆಗೆಯುವ ಮಾತೇ ಇಲ್ಲ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಆಡುವ ಹುಡುಗರು ಕೆಲವರು ಇದೇ ಚೆಂಡಿನ ಬೆಲೆ ವಿಚಾರಿಸಿದರು. ಮರಳಿಗೆ ಇದು ಬೇಡ. ಕಡಲತೀರದ ವಾಲಿಬಾಲ್‌ಗೆ ನಿಯಮವೇ ಬೇರೆ: ಸುತ್ತಳತೆ 66ರಿಂದ 68 ಸೆಂಟಿಮೀಟರ್, ಒತ್ತಡ ಚದರ ಸೆಂಟಿಮೀಟರಿಗೆ 0.175ರಿಂದ 0.225 ಕಿಲೋಗ್ರಾಂ ಮಾತ್ರ, ಅಂದರೆ ಇನ್ನೂ ಮೃದು. ಉಪ್ಪುನೀರು, ಮರಳಿಗೆ ತಾಳುವಂತೆ ಮಾಡಿದ ಬೇರೆ ಚೆಂಡುಗಳಿವೆ, ಅವನ್ನೇ ಕೊಳ್ಳಿ.

ಕೊಳ್ಳಬೇಕೆ ಎಂದು ಕೇಳುವವರಿಗೆ: ಶಾಲೆಗಾದರೆ ಬೇಡ. ಆ ಹಣದಲ್ಲಿ ಮಕ್ಕಳಿಗೆ ಸಾಮಾನ್ಯ ಚೆಂಡುಗಳು ಆರೇಳು ಬರುತ್ತವೆ, ಹೆಚ್ಚು ಮಕ್ಕಳ ಕೈಗೆ ಚೆಂಡು ಸಿಗುವುದು ಮುಖ್ಯ. ನಮ್ಮ ಹುಡುಗರೂ ಕಾಸ್ಕೊ, ನಿವಿಯಾ ಚೆಂಡುಗಳಲ್ಲೇ ಆಟ ಕಲಿತದ್ದು. ದಿನವೂ ಅಭ್ಯಾಸಕ್ಕೆ ಬರುವ ಆರು ಜನರಾದರೂ ಇರುವ ತಂಡವಾದರೆ, ಸರ್ವಿಸ್ ಎತ್ತುವ ಅಭ್ಯಾಸಕ್ಕೆ ದಿನದಲ್ಲಿ ಅರ್ಧ ಗಂಟೆ ಮೀಸಲಿಡುವ ಮನಸ್ಸಿದ್ದರೆ, ಒಂದನ್ನು ಖಂಡಿತ ಕೊಳ್ಳಿ. ಹಣ ಸಾಲದಿದ್ದರೆ ಅದೇ ಕಂಪನಿಯ ವಿ330ಡಬ್ಲ್ಯು ಎಂಬ ಅಭ್ಯಾಸದ ಚೆಂಡು ಕಡಿಮೆ ಬೆಲೆಗೆ ಸಿಗುತ್ತದೆ. ಬರಿಯ ಸ್ಮ್ಯಾಶ್ ಹೊಡೆಯಲು, ವರ್ಷಕ್ಕೊಂದು ಪಂದ್ಯಾವಳಿಗೆಂದು ಇದನ್ನು ತರಬೇಡಿ. ಹಾಗೆ ತಂದ ಚೆಂಡು ಕಪಾಟಿನಲ್ಲಿ ಕೂರುತ್ತದೆ.

ಆ 32 ದೇಶಗಳಲ್ಲಿ ನಮ್ಮ ದೇಶ ಇರಲಿಲ್ಲ. ಫೈನಲ್ ಮುಗಿದ ಸಂಜೆ ಹುಡುಗರು ಅದನ್ನೂ ಕೇಳಿದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಬೆಳ್ಳಿ ಗೆದ್ದಿತ್ತು, 1986ರ ಸಿಯೋಲ್‌ನಲ್ಲಿ ಕಂಚು. ಆ ಕಂಚಿನ ಸುದ್ದಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಆ ತಂಡದ ಜಿಮ್ಮಿ ಜಾರ್ಜ್ ಜಿಗಿದು ನಿಂತ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿದ್ದೆ. ಅವರು ಆಮೇಲೆ ಆಡುತ್ತಿದ್ದದ್ದು ಇದೇ ಇಟಲಿಯಲ್ಲಿ, 1987ರಲ್ಲಿ ಅಪಘಾತದಲ್ಲಿ ತೀರಿಕೊಂಡದ್ದೂ ಅಲ್ಲಿಯೇ. 1986ರ ನಂತರ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಪುರುಷರಿಗೆ ಪದಕ ಬಂದಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ದಕ್ಷಿಣ ಕೊರಿಯಾವನ್ನು 3-2ರಿಂದ ಸೋಲಿಸಿದ ದಿನ, ನಮ್ಮದೇ ಕರಾವಳಿಯ ದಕ್ಷಿಣ ಕನ್ನಡದ ಅಶ್ವಲ್ ರೈ ಆ ತಂಡದಲ್ಲಿದ್ದರೆಂದು ಹುಡುಗರು ಗದ್ದೆಯಲ್ಲಿ ಕುಣಿದರು. ಕೊನೆಗೆ ಆರನೆಯ ಸ್ಥಾನ ಬಂತು. ನಮ್ಮಲ್ಲಿ ಎತ್ತರದ ಹುಡುಗರಿಲ್ಲವೆಂದೋ ಬಲವಿಲ್ಲವೆಂದೋ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳ್ಳಿಹಳ್ಳಿಯಲ್ಲಿ ಕಲ್ಲಿನಂಥ ಚೆಂಡಿನಲ್ಲಿ ಮುಂಗೈ ಒಡೆದುಕೊಂಡು, ಸರ್ವಿಸ್ ಎತ್ತುವುದೆಂದರೆ ಶಿಕ್ಷೆ ಎಂದು ತಿಳಿದು, ಎಲ್ಲರೂ ಸ್ಮ್ಯಾಶ್ ಹೊಡೆಯಲು ಸಾಲು ನಿಲ್ಲುವುದನ್ನು ಮೂವತ್ತೊಂದು ವರ್ಷ ಕಂಡವನು ನಾನು.

ನಕಲಿ ಚೆಂಡನ್ನು ಎಸೆದಿಲ್ಲ. ಯುವಕ ಮಂಡಳದ ಕೋಣೆಯಲ್ಲಿ ಅದರ ಮೇಲೆ 314 ಎಂದು ದಪ್ಪಕ್ಷರದಲ್ಲಿ ಬರೆದು ಇಟ್ಟಿದ್ದೇವೆ. ಹೊಸ ಚೆಂಡು ಕೊಳ್ಳಲು ಹೊರಟ ಬೇರೆ ಊರಿನವರು ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಬೆಳಿಗ್ಗೆ ಆರಕ್ಕೆ ಬನ್ನಿ, ಆ ಹೊತ್ತಿಗೆ ಲಿಬೆರೊ ವೃತ್ತಕ್ಕೆ ಸುಣ್ಣ ಹಾಕಿರುತ್ತಾನೆ.